ಹಳೇ ಕಾಲಂ, ಹೊಸ ಕೌಲು

ರೂಬಿ ಆನ್ ರೈಲ್ಸ್ ಗೊತ್ತಿರುವವರು ಒಂದು ಸಣ್ಣ ಪ್ರಯೋಗ ಮಾಡಿ ನೋಡಿ. ಟರ್ಮಿನಲ್ ತೆಗೆದು 'ಖಾತಾ' ಅನ್ನೋ ಹೆಸರಲ್ಲಿ ಒಂದು ಮಾಡೆಲ್ ಸೃಷ್ಟಿಸು ಅಂತ ರೈಲ್ಸ್‌ಗೆ ಹೇಳಿ. ಇಂಗ್ಲಿಷ್ ಅಕ್ಷರದಲ್ಲಿ ಕೆ-ಎಚ್-ಎ-ಟಿ-ಎ. ಅದು ಒಂದು ಎಚ್ಚರಿಕೆ ಕೊಡುತ್ತೆ: ನೀವು ಕೊಟ್ಟ ಹೆಸರು ಬಹುವಚನದ ಹಾಗೆ ಕಾಣ್ತಿದೆ, ಅದರ ಬದಲು ಏಕವಚನ 'ಖಾತಂ' ಬಳಸುತ್ತಿದ್ದೇನೆ.

ಖಾತಂ! ನಮ್ಮ ಅಜ್ಜಂದಿರು ಕೇಳಿದ್ದರೆ ಆಸ್ತಿನೇ ಖತಂ ಆಯ್ತು ಅಂದ್ಕೊಳ್ತಿದ್ರು.

ಕಾರಣ ಸರಳ. ಇಂಗ್ಲಿಷಿನಲ್ಲಿ 'ಡೇಟಾ' ಬಹುವಚನ, 'ಡೇಟಂ' ಏಕವಚನ. ಲ್ಯಾಟಿನ್‌ನಿಂದ ಬಂದ ಇಂಥ ಪದಗಳಿಗಾಗಿ ರೈಲ್ಸ್‌ನಲ್ಲಿ ಒಂದು ನಿಯಮ ಇದೆ: ಕೊನೆಗೆ 'ಟಿ-ಎ' ಅಥವಾ 'ಐ-ಎ' ಬಂದರೆ ಅದು ಬಹುವಚನ, ಏಕವಚನ ಬೇಕಾದರೆ ಕೊನೆಯ 'ಎ' ತೆಗೆದು 'ಯು-ಎಂ' ಹಾಕು. ಖಾತಾ ಆ ಬಲೆಗೆ ಬೀಳುತ್ತೆ. ಚಿಟ್ಟಾ ಕೂಡ ಬೀಳುತ್ತೆ, ಚಿಟ್ಟಂ ಆಗುತ್ತೆ. ಹೋಬಳಿ ಮಾತ್ರ ಹೇಗೋ ಪಾರಾಗಿ 'ಹೋಬಳಿಸ್' ಆಗುತ್ತೆ.

ಇದನ್ನ ಜೋಕ್ ಅಂತ ಹೇಳಿ ನಕ್ಕು ಮುಂದೆ ಹೋಗಬಹುದು, ಹೆಚ್ಚಿನವರು ಹಾಗೇ ಮಾಡ್ತಾರೆ. ಇಂಥದನ್ನ ಸರಿಪಡಿಸೋಕೆ ಒಂದು ಇನ್‌ಫ್ಲೆಕ್ಷನ್ ಫೈಲ್ ಇದೆ, ಎರಡು ಸಾಲು ಬರೆದರೆ ಮುಗೀತು. ಆದರೆ ಹಳೆಯ ಹೆಸರುಗಳನ್ನು ಹೊಸ ಚೌಕಟ್ಟಿಗೆ ಕೂರಿಸುವ ಕೆಲಸ ಇದೆಯಲ್ಲ, ಅದನ್ನು ನಮ್ಮ ಬಳ್ಳಾರಿ ಜಿಲ್ಲೆ ಇನ್ನೂರು ವರ್ಷದಿಂದ ಮಾಡ್ತಾ ಬಂದಿದೆ. ಪ್ರತಿ ಸಲ ಯಾರೋ ಒಬ್ಬರ ಹೆಸರು ಯಾವುದೋ ಒಂದು ಕಾಲಂನಿಂದ ಜಾರಿ ಬಿದ್ದಿದೆ. ಆ ಕಥೆ ಜೋಕ್ ಅಲ್ಲ.

ಬಳ್ಳಾರಿಯ ಕೌಲ್ ಬಜಾರ್‌ನಿಂದಲೇ ಶುರು ಮಾಡ್ತೀನಿ. ಬ್ರಿಟಿಷರ ದಂಡು ಇದ್ದ ಕಂಟೋನ್ಮೆಂಟಿನ ಮಗ್ಗುಲಿನ ಪೇಟೆ ಅದು. ದಂಡು ಹೋಗಿ ಕಾಲವಾಯ್ತು, ಹೆಸರು ಉಳಿದಿದೆ. ಅಂಗಡಿ ಬೋರ್ಡುಗಳಲ್ಲಿ ಇಂಗ್ಲಿಷ್ ಸ್ಪೆಲ್ಲಿಂಗು ಒಬ್ಬೊಬ್ಬರದ್ದು ಒಂದೊಂದು ಥರ: 'ಸಿ'ಯಿಂದ ಶುರುವಾಗೋದು, 'ಕೆ'ಯಿಂದ ಶುರುವಾಗೋದು, ಎರಡು ಪದ ಸೇರಿಸಿ ಬರೆದದ್ದು, ಬಿಡಿಸಿ ಬರೆದದ್ದು. ಒಂದು ಊರಿನ ವಿಳಾಸದ ಕಾಲಂ ಮೇಲೆ 'ಯೂನಿಕ್' ಷರತ್ತು ಹಾಕಿದ ಪ್ರೋಗ್ರಾಮರ್‌ಗೆ ಇಲ್ಲಿ ಒಂದು ದಿನ ಓಡಾಡಿಸಬೇಕು.

'ಕೌಲ್' ಅನ್ನೋದು ಅರಬ್ಬಿಯಿಂದ ಬಂದ ಮಾತು. ಮೂಲದಲ್ಲಿ ಕೊಟ್ಟ ಮಾತು, ವಚನ ಅಂತ ಅರ್ಥ. ದಖ್ಖನಿನ ಆಡಳಿತದ ಭಾಷೆಯಲ್ಲಿ ಅದು ಕರಾರು ಪತ್ರ, ಅಭಯಪತ್ರ, ಗುತ್ತಿಗೆ ಅಂತೆಲ್ಲ ಆಯ್ತು. ಬೀಳು ಬಿದ್ದ ಹೊಲ ಉಳುವವನಿಗೆ ಮೊದಲ ಕೆಲವು ವರ್ಷ ಕಡಿಮೆ ಕಂದಾಯ, ಆಮೇಲೆ ನಿಧಾನಕ್ಕೆ ಏರಿಕೆ, ಹೀಗೆ ಬರೆದುಕೊಡುವ ಚೀಟಿಯೇ ಕೌಲು. ಇವತ್ತಿಗೂ ಪಕ್ಕದ ಆಂಧ್ರದಲ್ಲಿ 'ಕೌಲು ರೈತು' ಅಂದರೆ ಬೇರೆಯವರ ಹೊಲ ಗುತ್ತಿಗೆಗೆ ಮಾಡುವ ರೈತ. ಈ ಪದವನ್ನು ನೆನಪಲ್ಲಿಡಿ, ಮುಂದೆ ಬೇಕಾಗುತ್ತೆ.

ರೈಲ್ಸ್ ಜನರ ಮಂತ್ರ ಗೊತ್ತಲ್ಲ, 'ಕನ್ವೆನ್ಷನ್ ಓವರ್ ಕಾನ್ಫಿಗರೇಷನ್'. 2004ರಲ್ಲಿ ಡೇವಿಡ್ ಹೈನ್‌ಮಿಯರ್ ಹ್ಯಾನ್ಸನ್ ಇದನ್ನ ಹೊರಗೆ ಬಿಟ್ಟಾಗ ಜನ ಮರುಳಾದದ್ದು ಇದಕ್ಕೇ. ಟೇಬಲಿನ ಹೆಸರು ಬಹುವಚನದಲ್ಲಿರಲಿ, ಪ್ರೈಮರಿ ಕೀಯ ಹೆಸರು 'ಐಡಿ' ಅಂತಿರಲಿ, ಇನ್ನೊಂದು ಟೇಬಲನ್ನು ತೋರಿಸುವ ಕಾಲಂ ಆ ಟೇಬಲಿನ ಹೆಸರಿನ ಏಕವಚನಕ್ಕೆ 'ಐಡಿ' ಸೇರಿಸಿಕೊಂಡಿರಲಿ. ಇಷ್ಟು ಮಾತಿಗೆ ನೀವು ಒಪ್ಪಿದರೆ ಉಳಿದದ್ದೆಲ್ಲ ನಾನೇ ನೋಡ್ಕೋತೀನಿ ಅನ್ನುತ್ತೆ ರೈಲ್ಸ್. ಅದರ ನಂತರದ ವರ್ಷ ಜಾಂಗೋ, 2011ರಲ್ಲಿ ಲಾರಾವೆಲ್, ಎಲ್ಲದಕ್ಕೂ ಅವರವರದೇ ಒಪ್ಪಂದ. ಕನ್ನಡದಲ್ಲಿ ಕನ್ವೆನ್ಷನ್‌ಗೆ ರೂಢಿ, ಸಂಪ್ರದಾಯ ಅಂತ ಏನೇನೋ ಪದ ಇವೆ. ನನ್ನ ಕೇಳಿದರೆ ಸರಿಯಾದ ಪದ ಕೌಲು. ನೀನು ಇಷ್ಟು ಪಾಲಿಸು, ನಾನು ಇಷ್ಟು ಬಿಡ್ತೀನಿ. ಪಾಲಿಸದಿದ್ದರೆ ಪ್ರತಿಯೊಂದಕ್ಕೂ ಕೈಯಾರೆ ಬರೆದುಕೊಡಬೇಕು.

ಈಗ ಮೊದಲ ಸ್ಕೀಮಾ ಬರೆದವನ ಕಡೆ ಹೋಗೋಣ. 1800ರ ಅಕ್ಟೋಬರಿನಲ್ಲಿ ನಿಜಾಮ ಬಳ್ಳಾರಿ ಸೀಮೆಯನ್ನೂ ಸೇರಿಸಿ ಒಂದು ದೊಡ್ಡ ಪ್ರದೇಶವನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಅದಕ್ಕೇ ಅದರ ಹೆಸರು ಸೀಡೆಡ್ ಡಿಸ್ಟ್ರಿಕ್ಟ್ಸ್, ನಮ್ಮ ಕಡೆಯ ಮಾತಲ್ಲಿ ದತ್ತ ಮಂಡಲ. ಪ್ರಧಾನ ಕಲೆಕ್ಟರಾಗಿ ಬಂದವನು ಥಾಮಸ್ ಮನ್ರೋ, 1807ರವರೆಗೆ ಇದ್ದ. ಜಮೀನ್ದಾರರ ಮೂಲಕ ಕಂದಾಯ ವಸೂಲಿ ಮಾಡುವ ಬದಲು ಒಬ್ಬೊಬ್ಬ ರೈತನ ಜೊತೆ ನೇರ ಲೆಕ್ಕ ಇಟ್ಟುಕೊಳ್ಳುವ ರೈತವಾರಿ ಪದ್ಧತಿಗೆ ಅವನ ಹೆಸರೇ ಅಂಟಿಕೊಂಡಿದೆ. ನೇರ ಲೆಕ್ಕ ಅಂದರೆ ಪ್ರತಿ ಹೊಲ ಅಳೆಯಬೇಕು, ಪ್ರತಿ ಹೊಲಕ್ಕೆ ಗುರುತು ಕೊಡಬೇಕು, ಪ್ರತಿ ಗುರುತಿನ ಎದುರು ಒಂದು ಹೆಸರು ಬರೀಬೇಕು. ಅಲ್ಲಿಯವರೆಗೆ ಹೊಲಕ್ಕೆ 'ಹುಣಸೆಮರದ ಹೊಲ', 'ಹಳ್ಳದ ಮಗ್ಗಲ ಹೊಲ' ಅಂತ ಹೆಸರಿತ್ತು. ಅವೇ ನಂಬರ್ ಆಗುತ್ತಾ ಹೋದವು. ಡೇಟಾಬೇಸ್ ಭಾಷೆಯಲ್ಲಿ ಹೇಳೋದಾದರೆ ನ್ಯಾಚುರಲ್ ಕೀ ಹೋಗಿ ಕೃತಕ ಕೀ ಬಂತು.

ಆದರೆ ಆ ಲೆಕ್ಕ ಬರೆದವರು ಬ್ರಿಟಿಷರಲ್ಲ. ಊರಿನ ಕರಣಂಗಳು ಬರೆದರು. ಅವರ ಶಬ್ದಗಳು ಮದ್ರಾಸ್ ಪ್ರೆಸಿಡೆನ್ಸಿಯ ಶಬ್ದಗಳು: ಅಡಂಗಲ್, ಚಿಟ್ಟಾ, ಪಟ್ಟಾ. ಇದು ಸುಮಾರು ಒಂದೂವರೆ ಶತಮಾನ ನಡೀತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆ ಒಡೆಯಿತು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಬಳ್ಳಾರಿ, ಸಿರುಗುಪ್ಪ, ಹೊಸಪೇಟೆ, ಸಂಡೂರು, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಮೈಸೂರಿಗೆ ಬಂದವು. ಬಳ್ಳಾರಿ ತಾಲೂಕಿನ ಬಗ್ಗೆ ಅದೆಷ್ಟು ಜಗಳ ಆಯಿತೆಂದರೆ ನ್ಯಾಯಮೂರ್ತಿ ಮಿಶ್ರಾ ಅವರ ಆಯೋಗ ಕೂತು ತೀರ್ಮಾನ ಕೊಡಬೇಕಾಯ್ತು.

ಊರುಗಳೇನೋ ಬಂದವು. ಅವುಗಳ ಜೊತೆ ಮದ್ರಾಸಿನ ಲೆಕ್ಕದ ಪುಸ್ತಕಗಳೂ ಬಂದವು.

1956ರಲ್ಲಿ ಇನ್ನೂ ದೊಡ್ಡ ಮರ್ಜ್ ಆಯ್ತು. ಹಳೇ ಮೈಸೂರು, ಮುಂಬಯಿ ಕರ್ನಾಟಕ, ಹೈದರಾಬಾದ್ ಕರ್ನಾಟಕ, ಮದ್ರಾಸಿನ ಭಾಗಗಳು, ಕೊಡಗು, ಐದು ಬೇರೆ ಬೇರೆ ಆಡಳಿತ ಅಂದರೆ ಐದು ಬೇರೆ ಬೇರೆ ಸ್ಕೀಮಾ. ಹಳೇ ಮೈಸೂರಿನಲ್ಲಿ ಶಾನುಭೋಗ, ಮುಂಬಯಿ ಕಡೆ ತಲಾಟಿ, ನಮ್ಮಲ್ಲಿ ಕರಣಂ. ಒಂದೇ ಕೆಲಸಕ್ಕೆ ಮೂರು ಕಾಲಂ ಹೆಸರು. ಒಬ್ಬರ ಪಹಣಿ ಇನ್ನೊಬ್ಬರ ಅಡಂಗಲ್. 1961ರ ಕಾಯ್ದೆ ಈ ವಂಶಪಾರಂಪರ್ಯದ ಹುದ್ದೆಗಳನ್ನೇ ತೆಗೆದುಹಾಕಿತು, ಮುಂದೆ ಆ ಜಾಗಕ್ಕೆ ಗ್ರಾಮ ಲೆಕ್ಕಿಗ ಬಂದ. 1964ರ ಭೂಕಂದಾಯ ಕಾಯ್ದೆ ಇಡೀ ರಾಜ್ಯಕ್ಕೆ ಒಂದೇ ನಿಯಮ ಮಾಡಿತು. ಹಕ್ಕು, ಗೇಣಿ ಮತ್ತು ಬೆಳೆಯ ದಾಖಲೆ, ಅಂದರೆ ಆರ್‌ಟಿಸಿ, ಎಲ್ಲರಿಗೂ ಒಂದೇ ನಮೂನೆ. ಜನ ಮಾತ್ರ ಅದನ್ನ ಪಹಣಿ ಅಂತಲೇ ಕರೀತಾರೆ. ಟೇಬಲಿನ ಹೆಸರು ಬದಲಾದರೂ ಕೋಡಿನಲ್ಲಿ ಹಳೇ ಹೆಸರು ಉಳಿಯೋ ಹಾಗೆ.

ಈ ಆರ್‌ಟಿಸಿಯ ಕಾಲಂಗಳ ಕಥೆ ಸ್ವಾರಸ್ಯವಾಗಿದೆ. ಅವುಗಳಿಗೆ ಉದ್ದುದ್ದ ಹೆಸರಿದೆ, ಆದರೆ ಯಾರೂ ಹೇಳಲ್ಲ. ಎಲ್ಲರೂ ನಂಬರಿನಿಂದಲೇ ಮಾತಾಡೋದು. 'ಕಾಲಂ 9ರಲ್ಲಿ ಯಾರ ಹೆಸರೈತಿ?' 'ಕಾಲಂ 11 ಕ್ಲಿಯರ್ ಐತೇನು, ಬ್ಯಾಂಕಿನ ಸಾಲ ಏನಾರ ಐತೋ?' ಕುರುಗೋಡಿನ ಸಂತೆಯಲ್ಲಿ ಹೊಲದ ವ್ಯಾಪಾರ ಮಾತಾಡೋ ಇಬ್ಬರು ಹೀಗೆ ಮಾತಾಡಿದರೆ ಅದು ಅಪ್ಪಟ ಕನ್ನಡ. ನಾವು ಕೋಡ್ ರಿವ್ಯೂನಲ್ಲಿ 'ಕಾಲಂ9 ಅಂತ ಹೆಸರಿಟ್ಟಿದ್ದಾನೆ ನೋಡು, ತಲೆ ಕೆಟ್ಟವನು' ಅಂತ ಬೈತೀವಲ್ಲ, ಇಲ್ಲಿ ಇಡೀ ರಾಜ್ಯದ ರೈತರಿಗೆ ಅದರ ಅರ್ಥ ಬಾಯಿಪಾಠ. ಅದಕ್ಕಿಂತ ಒಳ್ಳೆಯ ಡಾಕ್ಯುಮೆಂಟೇಷನ್ ಇರೋ ಸಿಸ್ಟಂ ನಾನು ನೋಡಿಲ್ಲ.

ಸರಿ, ಈಗ ಒಬ್ಬ ಹೊಸ ಡೆವಲಪರ್ ಬರ್ತಾನೆ ಅಂದ್ಕೊಳ್ಳಿ. ಬುದ್ಧಿವಂತ, ಒಳ್ಳೆಯ ಉದ್ದೇಶ. ಕಾಲಂ 9 ಅನ್ನೋದು ಅವನ ಕಣ್ಣಿಗೆ ಚುಚ್ಚುತ್ತೆ. ಅದರ ಬದಲು 'ಓನರ್ ನೇಮ್' ಅಂತ ಚೆಂದದ ಹೆಸರು ಇಡ್ತಾನೆ. ಇಲ್ಲೇ ಎಡವಟ್ಟು. ಕಾಲಂ 9ರ ತಲೆಬರಹ ಸ್ವಾಧೀನದಾರ ಅನ್ನುತ್ತೆ, ಮಾಲೀಕ ಅನ್ನಲ್ಲ. ಅದು ಸುಮ್ಮನೆ ಬಂದ ಪದವಲ್ಲ. ಭೂಕಂದಾಯ ಕಾಯ್ದೆಯ 133ನೇ ಕಲಂ ಪ್ರಕಾರ ಈ ದಾಖಲೆಯಲ್ಲಿ ಬರೆದದ್ದು ಸುಳ್ಳು ಅಂತ ಸಾಬೀತಾಗೋವರೆಗೆ ನಿಜ ಅಂತ ಇಟ್ಟುಕೊಳ್ಳಬೇಕು, ಅಷ್ಟೇ. ಕಂದಾಯದ ದಾಖಲೆಯಲ್ಲಿ ಹೆಸರಿದ್ದ ಮಾತ್ರಕ್ಕೆ ಮಾಲೀಕತ್ವ ಹುಟ್ಟಲ್ಲ ಅಂತ ಕೋರ್ಟುಗಳು ಸಾವಿರ ಸಲ ಹೇಳಿವೆ. 'ಸದ್ಯಕ್ಕೆ ಇವನು ಅಂತ ಅಂದುಕೊಳ್ಳೋಣ' ಅನ್ನೋ ಕಾಲಂಗೆ 'ಇವನೇ ಒಡೆಯ' ಅಂತ ಹೆಸರಿಟ್ಟ ಮೇಲೆ ಆ ಹೆಸರು ಎಪಿಐಗೆ ಹೋಗುತ್ತೆ, ಅಲ್ಲಿಂದ ಸಾಲ ಕೊಡುವವನ ಸ್ಕ್ರೀನಿಗೆ ಹೋಗುತ್ತೆ. ಅಣ್ಣತಮ್ಮಂದಿರ ಪಾಲು ಇನ್ನೂ ಆಗಿಲ್ಲ, ಹಿರಿಯ ಮಗನ ಹೆಸರಲ್ಲಿ ಪಹಣಿ ಇದೆ, ತಂಗಿಯರ ಹೆಸರು ಎಲ್ಲೂ ಇಲ್ಲ. ಹಳೇ ಪದ ಅದಕ್ಕೆಲ್ಲ ಜಾಗ ಬಿಟ್ಟಿತ್ತು.

ಕಾಲಂ 12ರ ಕಥೆ ಇನ್ನೂ ಗಂಭೀರ. ಅದರಲ್ಲಿ ಸಾಗುವಳಿದಾರನ ಹೆಸರು, ಬೆಳೆ ಬರುತ್ತೆ. ಹೊಲ ಯಾರದ್ದಾದರೂ ಇರಲಿ, ಉಳ್ತಿರೋದು ಯಾರು ಅಂತ ಹೇಳೋದು ವಕೀಲರು 12(2) ಅಂತ ಕರೆಯುವ ಉಪಕಾಲಂ. ದೇವರಾಜ ಅರಸು ಸರ್ಕಾರದ ಭೂಸುಧಾರಣೆ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂತು. ಗೇಣಿದಾರರು ನಮೂನೆ 7 ತುಂಬಿ ಭೂನ್ಯಾಯ ಮಂಡಳಿಯ ಮುಂದೆ ನಿಂತರು. ಆಗ ಆ ಕಾಲಂನಲ್ಲಿ ಹೆಸರಿದ್ದವನ ಕೈಯಲ್ಲಿ ಒಂದು ಸಾಕ್ಷಿ ಇತ್ತು. ಇಲ್ಲದವನು ಅಕ್ಕಪಕ್ಕದವರ ಬಾಯಿಮಾತು ನಂಬಬೇಕಿತ್ತು. ಒಂದು ಉಪಕಾಲಂನಲ್ಲಿ ಒಂದು ಸಾಲು, ಅದರ ಮೇಲೆ ಒಂದು ಮನೆತನದ ಅನ್ನ.

ಮುಂದೆ ಏನಾಯ್ತು? ಅದೇ ಕಾನೂನು ಕೆಲವು ವಿನಾಯಿತಿ ಬಿಟ್ಟು ಕೃಷಿ ಜಮೀನು ಗೇಣಿಗೆ ಕೊಡೋದನ್ನೇ ನಿಷೇಧಿಸಿತು. ಕಾಗದದ ಮೇಲೆ ಗೇಣಿ ನಿಂತುಹೋಯ್ತು. ಸಿರುಗುಪ್ಪದ ಕಾಲುವೆ ನೀರಿನ ಗದ್ದೆಗಳಲ್ಲಿ ನಿಂತಿಲ್ಲ. ತುಂಗಭದ್ರೆಯ ನೀರು ಬಂದ ಮೇಲೆ ಭತ್ತ ಬಂತು, ಭತ್ತದ ಜೊತೆ 'ಲೀಜಿಗೆ ಮಾಡೋದು' ಬಂತು. ಎಕರೆಗೆ ಇಷ್ಟು ಚೀಲ ಅಂತ ಬಾಯಿಮಾತಿನ ಕರಾರು. ಕೌಲು ಅಂತ ಕರೆದರೂ ಸರಿ, ಲಾವಣಿ ಅಂದರೂ ಸರಿ. ದಾಖಲೆಯಲ್ಲಿ ಮಾತ್ರ ಸಾಗುವಳಿದಾರ ಅಂದರೆ ಸ್ವಾಧೀನದಾರನೇ. ಈಗ ನಮ್ಮ ಹೊಸ ಡೆವಲಪರ್ ಡೇಟಾ ನೋಡ್ತಾನೆ. ಎರಡು ಕಾಲಂನಲ್ಲೂ ಅದೇ ಹೆಸರು. ರಿಡಂಡೆಂಟ್! ನಾರ್ಮಲೈಸ್ ಮಾಡು, ಒಂದನ್ನ ತೆಗೆದುಹಾಕು. ತಾಂತ್ರಿಕವಾಗಿ ಯಾರೂ ತಪ್ಪು ಹೇಳಲಾರರು. ಆದರೆ ಆ ಕಾಲಂ ಖಾಲಿ ಇರೋದಕ್ಕೆ ಕಾರಣ ಕಾನೂನು, ಉಳುವವನು ಇಲ್ಲದೇ ಇರೋದಲ್ಲ. ಕಾಲಂ ಇದ್ದರೆ ನಾಳೆ ಕಾನೂನು ಬದಲಾದ ದಿನ ತುಂಬಬಹುದು. ಗಡಿಯಾಚೆ ಆಂಧ್ರದಲ್ಲಿ 2011ರಲ್ಲಿ ಮತ್ತು ಮತ್ತೆ 2019ರಲ್ಲಿ ಕೌಲು ರೈತರಿಗೆ ಗುರುತಿನ ಪತ್ರ ಕೊಡೋ ಕಾಯ್ದೆಗಳು ಬಂದವು. ಅವು ಎಷ್ಟು ಚೆನ್ನಾಗಿ ನಡೆದವು ಅನ್ನೋದು ಬೇರೆ ಚರ್ಚೆ. ಒಂದು ಕಾಲದಲ್ಲಿ ಒಂದೇ ಜಿಲ್ಲೆಯಾಗಿದ್ದ ಆದೋನಿ ಮತ್ತು ಸಿರುಗುಪ್ಪದಲ್ಲಿ ಇವತ್ತು ಒಂದು ಕಡೆ ಆ ಮನುಷ್ಯನಿಗೆ ಹೆಸರಿದೆ, ಇನ್ನೊಂದು ಕಡೆ ಇಲ್ಲ.

ಸ್ವಲ್ಪ ಕಂಪ್ಯೂಟರ್ ಇತಿಹಾಸಕ್ಕೆ ಬರೋಣ, ಬೇಗ ಮುಗಿಸ್ತೀನಿ. ಹಳೇ ಡೇಟಾಬೇಸ್‌ಗಳಲ್ಲಿ ಹೆಸರು ಯಾಕಷ್ಟು ವಿಕಾರ ಅಂದರೆ ಜಾಗ ಇರಲಿಲ್ಲ. ಡಿಬೇಸ್, ಫಾಕ್ಸ್‌ಪ್ರೊ ಕಾಲದಲ್ಲಿ ಒಂದು ಫೀಲ್ಡಿನ ಹೆಸರು 10 ಅಕ್ಷರ ದಾಟುವ ಹಾಗಿರಲಿಲ್ಲ. ಡಾಸ್‌ನಲ್ಲಿ ಫೈಲಿನ ಹೆಸರು 8 ಅಕ್ಷರ. ಒರಾಕಲ್ 12.2ನೇ ಆವೃತ್ತಿ ಬರೋವರೆಗೆ 30 ಬೈಟಿಗೆ ನಿಂತಿತ್ತು. ಹೀಗಾಗಿ ಸ್ವರಗಳನ್ನೆಲ್ಲ ಕಿತ್ತುಹಾಕಿದ ಹೆಸರುಗಳು. ಮೈಕ್ರೋಸಾಫ್ಟ್ ಆಕ್ಸೆಸ್ ಬಂದ ಮೇಲೆ 1990ರ ದಶಕದಲ್ಲಿ ಲೆಸ್ಜಿನ್ಸ್ಕಿ ಪದ್ಧತಿ ಅಂತ ಒಂದು ಹುಟ್ಟಿ, ಪ್ರತಿ ಟೇಬಲಿನ ಮುಂದೆ 'ಟಿಬಿಎಲ್', ಪ್ರತಿ ಕ್ವೆರಿಯ ಮುಂದೆ 'ಕ್ಯೂಆರ್‌ವೈ' ಅಂತ ಹಚ್ಚೋದು ಶುರುವಾಯ್ತು. ಮನೆಯವರ ಹಣೆಗೆಲ್ಲ 'ಮನುಷ್ಯ' ಅಂತ ಚೀಟಿ ಅಂಟಿಸಿದ ಹಾಗೆ. ಇದರ ಮೇಲೆ ಒರಾಕಲ್ ಎಲ್ಲ ಹೆಸರನ್ನೂ ದೊಡ್ಡಕ್ಷರ ಮಾಡುತ್ತೆ, ಪೋಸ್ಟ್‌ಗ್ರೆಸ್ ಎಲ್ಲವನ್ನೂ ಚಿಕ್ಕಕ್ಷರ ಮಾಡುತ್ತೆ. ಒಂದರಿಂದ ಇನ್ನೊಂದಕ್ಕೆ ಸಾಗಿಸಿದವರಿಗೆ ಆ ಸಂಕಟ ಗೊತ್ತು.

ಹಾಗಾದರೆ ಕಾಲಂಗಳಿಗೆ ಕನ್ನಡದಲ್ಲೇ ಹೆಸರಿಡಬಾರದೇ? ಇಡಬಹುದು, ಪೋಸ್ಟ್‌ಗ್ರೆಸ್ ಬೇಡ ಅನ್ನಲ್ಲ. ಆದರೆ ಅದರ ಮಿತಿ 63 ಬೈಟ್. ಯುಟಿಎಫ್-8ರಲ್ಲಿ ಒಂದೊಂದು ಕನ್ನಡ ಸಂಕೇತಕ್ಕೆ 3 ಬೈಟ್ ಬೇಕು. ಅಂದರೆ 21. ಒತ್ತು, ಗುಣಿತ ಎಲ್ಲ ಬೇರೆ ಬೇರೆ ಎಣಿಕೆ. 'ಸ್ವಾಧೀನದಾರ' ಅಂತ ಬರೆಯುವಷ್ಟರಲ್ಲಿ 10 ಮುಗೀತು. ಫಾಕ್ಸ್‌ಪ್ರೊ ಕಾಲ ಮತ್ತೆ ಬಂತು.

ಆರ್‌ಟಿಸಿಗೆ ಕಂಪ್ಯೂಟರ್ ಬಂದದ್ದು 'ಭೂಮಿ' ಯೋಜನೆಯಲ್ಲಿ, 2000ದ ಆಸುಪಾಸು. ರಾಜೀವ್ ಚಾವ್ಲಾ ಅವರ ಹೆಸರು ಇದರ ಜೊತೆ ಸೇರಿಕೊಂಡಿದೆ, ತಂತ್ರಾಂಶ ಎನ್‌ಐಸಿಯದು. ವಿಷುವಲ್ ಬೇಸಿಕ್, ಎಸ್‌ಕ್ಯೂಎಲ್ ಸರ್ವರ್. 177 ತಾಲೂಕು, ಸುಮಾರು 2 ಕೋಟಿ ದಾಖಲೆ, 67 ಲಕ್ಷ ರೈತರು. ಆಗ 15 ರೂಪಾಯಿ ಕೊಟ್ಟರೆ ಕೌಂಟರಿನಲ್ಲಿ ಪ್ರಿಂಟ್ ಸಿಗುತ್ತಿತ್ತು. ಅಲ್ಲಿಯವರೆಗೆ ಪಹಣಿ ಬೇಕಾದರೆ ಗ್ರಾಮ ಲೆಕ್ಕಿಗರನ್ನ ಹುಡುಕಿಕೊಂಡು ಹೋಗಿ ಕೈ ಬೆಚ್ಚಗೆ ಮಾಡಬೇಕಿತ್ತು ಅನ್ನೋದನ್ನ ಮರೆಯಬಾರದು. ಆ ದೃಷ್ಟಿಯಲ್ಲಿ ಅದೊಂದು ದೊಡ್ಡ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ನನಗೆ ಅದರಲ್ಲಿ ಇಷ್ಟವಾಗೋದು ಒಂದು ವಿಷಯ: ಅವರು ನಮೂನೆಯನ್ನು ಮುಟ್ಟಲಿಲ್ಲ. ಕಾಲಂ 9 ಕಾಲಂ 9 ಆಗಿಯೇ ಪ್ರಿಂಟಾಗಿ ಬಂತು. ಓದುವ ರೈತನಿಗೆ, ವಾದಿಸುವ ವಕೀಲನಿಗೆ ಹೊಸದಾಗಿ ಏನೂ ಕಲಿಯಬೇಕಾಗಲಿಲ್ಲ.

ಆದರೆ ಒಳಗಿನ ಒಂದು ಹೆಸರು ಹೊರಗೆ ಬಂದುಬಿಟ್ಟಿದೆ. ಆನ್‌ಲೈನ್‌ನಲ್ಲಿ ಪಹಣಿ ತೆಗೆದವರಿಗೆಲ್ಲ ಇದು ಗೊತ್ತು. ಜಿಲ್ಲೆ ಆರಿಸಿ, ತಾಲೂಕು ಆರಿಸಿ, ಹೋಬಳಿ ಆರಿಸಿ, ಗ್ರಾಮ ಆರಿಸಿ, ಸರ್ವೆ ನಂಬರ್ ಹಾಕಿ, ಆಮೇಲೆ 'ಸರ್ನಾಕ್' ಆರಿಸಿ. ಸರ್ನಾಕ್ ಯಾವ ಕನ್ನಡ ನಿಘಂಟಿನಲ್ಲೂ ಸಿಗಲ್ಲ, ಇಂಗ್ಲಿಷಿನದರಲ್ಲೂ ಸಿಗಲ್ಲ. ಡ್ರಾಪ್‌ಡೌನ್ ಒತ್ತಿದರೆ ಸಾಮಾನ್ಯವಾಗಿ ಒಂದೇ ಆಯ್ಕೆ: ನಕ್ಷತ್ರದ ಚಿಹ್ನೆ. ಅದನ್ನ ಆರಿಸಿದ ಮೇಲೇನೇ ಹಿಸ್ಸಾ ನಂಬರಿಗೆ ದಾರಿ. ಊರಲ್ಲಿ ಸೈಬರ್ ಅಂಗಡಿಯ ಹುಡುಗರು 'ಸ್ಟಾರ್ ಹಾಕ್ರಿ ಅಣ್ಣಾ' ಅಂತ ಕಲಿಸಿಕೊಟ್ಟಿರೋದರಿಂದ ಎಲ್ಲ ನಡೀತಿದೆ. ಒಂದು ಕಾಲಂ ಹೆಸರು ಡೇಟಾಬೇಸ್‌ನಿಂದ ತಪ್ಪಿಸಿಕೊಂಡು ಜನರ ಬಾಯಿಗೆ ಬಂದದ್ದಕ್ಕೆ ಇದಕ್ಕಿಂತ ಉದಾಹರಣೆ ಬೇಡ. ಈಗ ಅದನ್ನು ಬದಲಿಸಿದರೆ ಜನಕ್ಕೇ ಕಷ್ಟ.

ಹೊಸ ಫ್ರೇಮ್‌ವರ್ಕ್‌ಗಳು ಈ ಹಳೇ ಹೆಸರುಗಳ ಜೊತೆ ಬದುಕೋದಕ್ಕೆ ದಾರಿ ಇಟ್ಟಿವೆ. ರೈಲ್ಸ್‌ನಲ್ಲಿ ಮಾಡೆಲ್ ಒಳಗೆ ಟೇಬಲಿನ ನಿಜವಾದ ಹೆಸರು ಇದು, ಪ್ರೈಮರಿ ಕೀ ಇದು ಅಂತ ಎರಡು ಸಾಲು ಬರೆದರೆ ಆಯ್ತು. ಕಾಲಂಗಳಿಗೆ ಅಡ್ಡಹೆಸರು ಕೊಡೋಕೂ ಸೌಲಭ್ಯ ಇದೆ. ಜಾಂಗೋದಲ್ಲಿ 'ಇನ್‌ಸ್ಪೆಕ್ಟ್‌ಡಿಬಿ' ಅನ್ನೋ ಕಮಾಂಡ್ ಕೊಟ್ಟರೆ ಇರೋ ಡೇಟಾಬೇಸ್ ಓದಿ ಮಾಡೆಲ್‌ಗಳನ್ನ ಅದೇ ಬರೆದುಕೊಡುತ್ತೆ, 'ಮ್ಯಾನೇಜ್ಡ್' ಅನ್ನೋದನ್ನ ಫಾಲ್ಸ್ ಅಂತ ಇಡುತ್ತೆ. ಅಂದರೆ ಈ ಟೇಬಲ್ ನನ್ನದಲ್ಲ, ನಾನು ಓದ್ತೀನಿ, ಬರೀತೀನಿ, ಆದರೆ ಅದರ ಆಕಾರ ಬದಲಿಸಲ್ಲ ಅಂತ. ಇದು ನನಗೆ ಬಹಳ ಹಿಡಿಸಿದ ವಿನಯ. ಕೆಲವು ಹೊಂಡಗಳೂ ಇವೆ. ಹಳೇ ಟೇಬಲಿನಲ್ಲಿ 'ಟೈಪ್' ಅನ್ನೋ ಕಾಲಂ ಇದ್ದರೆ, ಉದಾಹರಣೆಗೆ ಮಣ್ಣಿನ ಬಗೆ, ಎರೆ, ಮಸಾರಿ ಅಂತ, ರೈಲ್ಸ್ ಅದನ್ನ ತನ್ನ ಕ್ಲಾಸಿನ ಹೆಸರು ಅಂದುಕೊಂಡು 'ಮಸಾರಿ' ಅನ್ನೋ ಕ್ಲಾಸ್ ಎಲ್ಲಿ ಅಂತ ಹುಡುಕಾಡಿ ಬಿದ್ದುಬಿಡುತ್ತೆ.

ಇಷ್ಟೆಲ್ಲ ಸೌಲಭ್ಯ ಇದ್ದರೂ ಕಂಪನಿಗಳಲ್ಲಿ ಸಾಮಾನ್ಯವಾಗಿ ನಡೆಯೋ ವಾದ ಒಂದೇ: 'ಇದನ್ನೆಲ್ಲ ಹೊಸದಾಗಿ ಕ್ಲೀನ್ ಆಗಿ ಬರೆದುಬಿಡೋಣ.' ಕರ್ನಾಟಕ ಸರ್ಕಾರ 2014ರ ನವೆಂಬರ್ 1ರಂದು ಇಂಥದೊಂದು ರೀನೇಮ್ ಮಾಡಿತು. 12 ಊರುಗಳ ಇಂಗ್ಲಿಷ್ ಹೆಸರು ಕನ್ನಡದ ಉಚ್ಚಾರಣೆಗೆ ಬಂತು. ಬೆಲ್ಲಾರಿ ಹೋಗಿ ಬಳ್ಳಾರಿ, ಹಾಸ್ಪೆಟ್ ಹೋಗಿ ಹೊಸಪೇಟೆ, ಹುಬ್ಲಿ ಹೋಗಿ ಹುಬ್ಬಳ್ಳಿ. ಒಳ್ಳೇದೇ ಆಯ್ತು, ಕನ್ನಡದಲ್ಲಿ ನಾವು ಯಾವತ್ತೂ ಬೆಲ್ಲಾರಿ ಅಂದವರಲ್ಲ. ಆದರೆ ಟಿಕೆಟ್ ಬುಕ್ ಮಾಡುವಾಗ ನೋಡಿ. ಬಳ್ಳಾರಿ ಸ್ಟೇಷನ್ನಿನ ಕೋಡ್ ಈಗಲೂ 'ಬಿಎವೈ'. ಹುಬ್ಬಳ್ಳಿಯದು 'ಯುಬಿಎಲ್', ಅದರಲ್ಲಿ 'ಎಚ್' ಅನ್ನೋದೇ ಇಲ್ಲ. ಬೆಂಗಳೂರಿನ ದೊಡ್ಡ ಸ್ಟೇಷನ್ನಿಗೆ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣನ ಹೆಸರು ಬಂದ ಮೇಲೂ 'ಎಸ್‌ಬಿಸಿ'. ಚೆನ್ನೈ ಸೆಂಟ್ರಲ್ ಇನ್ನೂ 'ಎಂಎಎಸ್', ಮದ್ರಾಸು. ರೈಲ್ವೆಯವರು ಇಲ್ಲಿ ಜಾಣತನ ಮಾಡಿದ್ದಾರೆ: ಬೋರ್ಡ್ ಬದಲಿಸಿ, ಕೀ ಬದಲಿಸಬೇಡಿ. ಬೋರ್ಡ್ ಓದೋದು ಜನ, ಕೀ ಓದೋದು ಸಾವಿರ ಬೇರೆ ಬೇರೆ ಸಿಸ್ಟಂಗಳು.

ಕೀ ಒಳಗೇ ಅರ್ಥ ತುಂಬಿದರೆ ಏನಾಗುತ್ತೆ ಅನ್ನೋದಕ್ಕೆ ಹರಪನಹಳ್ಳಿ ಇದೆ. ಆ ತಾಲೂಕು 1997ರವರೆಗೆ ಬಳ್ಳಾರಿಯಲ್ಲಿತ್ತು. ದಾವಣಗೆರೆ ಜಿಲ್ಲೆಯಾದಾಗ ಅಲ್ಲಿಗೆ ಹೋಯ್ತು. 2018ರಲ್ಲಿ ವಾಪಸ್ ಬಳ್ಳಾರಿಗೆ ಬಂತು. 2021ರಲ್ಲಿ ವಿಜಯನಗರ ಜಿಲ್ಲೆ ಹುಟ್ಟಿದಾಗ ಅದರೊಳಗೆ ಸೇರಿತು. ಒಂದೇ ಪೀಳಿಗೆಯಲ್ಲಿ ಮೂರು ಸಲ ಪೇರೆಂಟ್ ಐಡಿ ಬದಲು. ಜಿಲ್ಲೆಯ ಕೋಡ್ ಮುಂದಿಟ್ಟು, ಅದಕ್ಕೆ ತಾಲೂಕಿನ ಕೋಡ್ ಅಂಟಿಸಿ, ಅದಕ್ಕೆ ಹಳ್ಳಿಯ ಕೋಡ್ ಅಂಟಿಸಿ ಉದ್ದನೆಯ ನಂಬರ್ ಮಾಡಿಕೊಂಡ ಪ್ರತಿ ಸಿಸ್ಟಂಗೂ ಇದು ಮೂರು ಸಲ ಜ್ವರ. ಅಂಚೆ ಇಲಾಖೆಗೆ ಮಾತ್ರ ಏನೂ ಆಗಲಿಲ್ಲ. ದಾವಣಗೆರೆಯ ಪಿನ್ 577ರಿಂದ ಶುರು, ಹರಪನಹಳ್ಳಿ ಆ ಇಪ್ಪತ್ತು ವರ್ಷವೂ 583131 ಆಗಿಯೇ ಇತ್ತು. 2011ರ ಜನಗಣತಿಯವರಿಗೂ ಬುದ್ಧಿ ಬಂದಿತ್ತು, ಪ್ರತಿ ಹಳ್ಳಿಗೆ ದೇಶದಲ್ಲೇ ಬೇರೆ ಯಾರಿಗೂ ಇಲ್ಲದ 6 ಅಂಕಿಯ ಸಂಖ್ಯೆ ಕೊಟ್ಟರು, ಅದರೊಳಗೆ ಜಿಲ್ಲೆಯನ್ನು ತುರುಕಲಿಲ್ಲ.

ಹರಪನಹಳ್ಳಿಯ ಜನ ಬಳ್ಳಾರಿಗೆ ವಾಪಸ್ ಬರೋಕೆ ಹೋರಾಡಿದ್ದು ಅಭಿಮಾನಕ್ಕೆ ಮಾತ್ರ ಅಲ್ಲ. ಸಂವಿಧಾನದ 371-ಜೆ ವಿಧಿ ಬಳ್ಳಾರಿ ಜಿಲ್ಲೆಗೆ ಅನ್ವಯ ಆಗುತ್ತಿತ್ತು, ದಾವಣಗೆರೆಗೆ ಆಗುತ್ತಿರಲಿಲ್ಲ. ಕಾಲೇಜು ಸೀಟು, ಸರ್ಕಾರಿ ಕೆಲಸ ಎಲ್ಲ ಅದರ ಮೇಲೆ. ಪಿಯುಸಿ ಮುಗಿಸಿದ ಹುಡುಗಿಯೊಬ್ಬಳ ಮೆಡಿಕಲ್ ಸೀಟು ಯಾವ ಜಿಲ್ಲೆಯ ಕೋಡ್ ಅವಳ ಊರಿನ ಎದುರು ಇದೆ ಅನ್ನೋದರ ಮೇಲೆ ನಿಂತಿರುತ್ತೆ. ಇನ್ನೊಂದು ವಿಚಿತ್ರ ನೋಡಿ, ಆ ಪ್ರದೇಶದ ಹೆಸರು 2019ರವರೆಗೆ ಹೈದರಾಬಾದ್ ಕರ್ನಾಟಕ ಅಂತಿತ್ತು. ಬಳ್ಳಾರಿ 1800ರಲ್ಲೇ ನಿಜಾಮನ ಕೈ ತಪ್ಪಿ ಮದ್ರಾಸಿಗೆ ಸೇರಿದ ಊರು. ಟೇಬಲಿನ ಹೆಸರಿಗೂ ಒಳಗಿನ ಸಾಲಿಗೂ ಸಂಬಂಧ ಇಲ್ಲದಿದ್ದರೂ ಸಾಲು ಅಲ್ಲೇ ಇರಬೇಕಾಗಿತ್ತು, ಇದ್ದದ್ದೇ ಒಳ್ಳೇದಾಯ್ತು. ಈಗ ಕಲ್ಯಾಣ ಕರ್ನಾಟಕ.

ಹಳೇ ಡೇಟಾಬೇಸ್ ಕೈಗೆ ಬಂದ ಗೆಳೆಯರು ನನ್ನನ್ನ ಕೇಳಿದರೆ ನಾನು ಹೇಳೋದು ಇಷ್ಟೇ. ಮೊದಲ ತಿಂಗಳು ಯಾವ ಹೆಸರನ್ನೂ ಬದಲಿಸಬೇಡಿ, ಮೇಲೆ ಅಡ್ಡಹೆಸರು ಇಡಿ. ಆ ಅಡ್ಡಹೆಸರುಗಳೆಲ್ಲ ಒಂದೇ ಫೈಲಿನಲ್ಲಿರಲಿ, ಪ್ರತಿಯೊಂದರ ಪಕ್ಕ ಕಾಮೆಂಟ್ ಇರಲಿ: ಹಳೇ ಹೆಸರು ಏನು, ಎಲ್ಲಿಂದ ಬಂತು, ಇದನ್ನ ಬಳಸುವ ಕ್ಲರ್ಕು ಬಾಯಲ್ಲಿ ಏನಂತಾರೆ. ಖಾಲಿ ಕಾಲಂ ಕಂಡರೆ ಅಳಿಸುವ ಮುಂಚೆ ಅದನ್ನ ತುಂಬಬೇಕಿದ್ದವರು ಯಾರು ಅಂತ ಕೇಳಿ. ಕ್ಲರ್ಕಿನ ಜೊತೆ ಟೀ ಕುಡಿಯೋಕೆ ಒಂದು ಮಧ್ಯಾಹ್ನ ಹೋದರೆ ಹೋಗಲಿ, ಸ್ಪ್ರಿಂಟ್ ಮುಳುಗಲ್ಲ.

ಮನ್ರೋನ ಕಾಲದಿಂದ ನಮ್ಮಲ್ಲಿ ಒಂದು ಹೊಲದ ಗುರುತು ಅಂದರೆ ಒಂದೇ ನಂಬರಲ್ಲ, ಗ್ರಾಮ ಮತ್ತು ಸರ್ವೆ ನಂಬರ್ ಜೊತೆಯಾಗಿಯೇ ಬರಬೇಕು. ಆಮೇಲೆ ಪಾಲು ಆದ ಹಾಗೆ ಹಿಸ್ಸಾ ಸೇರಿಕೊಂಡಿತು. ಡೇಟಾಬೇಸ್‌ನವರು ಇದಕ್ಕೆ ಕಾಂಪೊಸಿಟ್ ಕೀ ಅಂತಾರೆ. ರೈಲ್ಸ್ ಅದರ ಸೃಷ್ಟಿಕರ್ತರ ಹಠದಿಂದ ಸುಮಾರು 19 ವರ್ಷ ಇದನ್ನ ಒಪ್ಪಲಿಲ್ಲ, ಒಂದೇ ಒಂದು 'ಐಡಿ' ಇರಲಿ ಅಂತ. ಕೊನೆಗೆ 2023ರ ಅಕ್ಟೋಬರಿನಲ್ಲಿ 7.1ನೇ ಆವೃತ್ತಿಯಲ್ಲಿ ಒಪ್ಪಿಕೊಂಡಿತು. ಜಾಂಗೋ ಒಪ್ಪಿದ್ದು 2025ರ ಏಪ್ರಿಲ್‌ನಲ್ಲಿ, 5.2ನೇ ಆವೃತ್ತಿಯಲ್ಲಿ. ಈಗ ಕುರುಗೋಡಿನ ಯಾವುದೇ ಒಂದು ಹೊಲವನ್ನ, ಪಹಣಿಯಲ್ಲಿ ಇರೋ ಹಾಗೇ, ನಂಬರಿಗೆ ನಂಬರ್ ಸೇರಿಸಿ, ಹೊಸ ಐಡಿ ಅಂಟಿಸದೆ, ಈ ಎರಡರಲ್ಲೂ ಕೂರಿಸಬಹುದು. ಸರ್ನಾಕ್ ಕಾಲಂನಲ್ಲಿ ಸ್ಟಾರ್ ಹಾಕೋದು ಮರೀಬೇಡಿ.